ಯಾವ ಕೆಲಸಕ್ಕೆ ಕೊಟ್ಟದ್ದು?

“ಸರ್, ಆರ್ಗನ್ ಡೊನೇಷನ್‌ಗೆ ಎಸ್ ಹಾಕ್ಲಾ, ನೋ ಹಾಕ್ಲಾ?”

ಸೈಬರ್ ಸೆಂಟರ್ ಹುಡುಗ ಕೇಳಿದ ಧಾಟಿ ಕಾಫಿಗೆ ಸಕ್ಕರೆ ಹಾಕ್ಲಾ ಎನ್ನುವಂತಿತ್ತು. ಮಗಳ ಎಲ್‌ಎಲ್‌ಆರ್ ಅರ್ಜಿ ತುಂಬಿಸಲು ಹೋಗಿದ್ದೆವು. ಬೆನ್ನ ಹಿಂದೆ ನಾಲ್ಕೈದು ಜನ ಕಾಯುತ್ತಿದ್ದರು. ಆ ಹೊತ್ತಿಗಾಗಲೇ ಅವರಿಗೆಲ್ಲ ಮಗಳು ಹುಟ್ಟಿದ ದಿನ, ಓದಿದ್ದು ಎಷ್ಟು, ರಕ್ತದ ಗುಂಪು ಯಾವುದು, ಮಚ್ಚೆ ಎಲ್ಲಿದೆ, ಮನೆ ಎಲ್ಲಿ, ತುರ್ತಿಗೆ ಫೋನ್ ಮಾಡಬೇಕಾದ ನಂಬರ್ ಯಾವುದು ಎಂಬುದೆಲ್ಲ ಕೇಳಿಸಿಯಾಗಿತ್ತು. ಪರದೆಯ ಒಂದು ಮೂಲೆಯಲ್ಲಿ ನಮಗಿಂತ ಮುಂಚೆ ಬಂದುಹೋದವರ ಆಧಾರ್ ಪ್ರತಿಗಳು ಸಾಲಾಗಿ ಕೂತಿದ್ದವು. ಯಾರೂ ಅಳಿಸಿರಲಿಲ್ಲ.

“ಅಪ್ಪ, ಗಾಡಿ ಓಡಿಸೋಕೂ ಕಿಡ್ನಿಗೂ ಏನು ಸಂಬಂಧ?” ಎಂದಳು ಮಗಳು.

ಸಂಬಂಧ ಇದೆ. ರಸ್ತೆ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡವರ ಅಂಗಾಂಗಗಳು ಬೇರೆಯವರ ಜೀವ ಉಳಿಸಬಲ್ಲವು. ಆ ಇಚ್ಛೆಯನ್ನು ಮೊದಲೇ ದಾಖಲಿಸಿಟ್ಟಿದ್ದರೆ ಆ ಘಳಿಗೆಯಲ್ಲಿ ಮನೆಯವರಿಗೆ ತೀರ್ಮಾನ ಸ್ವಲ್ಪ ಹಗುರವಾಗುತ್ತದೆ. ಅರ್ಜಿಯ ಉಳಿದ ಪ್ರಶ್ನೆಗಳಿಗೂ ಇಂಥದೇ ಕಾರಣಗಳಿವೆ. ರಕ್ತದ ಗುಂಪು ಆಸ್ಪತ್ರೆಗೆ, ವಿಳಾಸ ನೋಟಿಸ್ ಕಳಿಸಲು, ಫೋಟೊ ಮತ್ತು ಸಹಿ ಬೇರೊಬ್ಬರು ಆ ಕಾರ್ಡ್ ಬಳಸದಂತೆ ತಡೆಯಲು. ಸರ್ಕಾರ ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದೆ ಎನ್ನುವಂತಿಲ್ಲ.

ಆದರೆ ಮಗಳ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಈ ಕಾರಣಗಳಿಗಾಗಿ ಕೊಟ್ಟ ಮಾಹಿತಿ ಈ ಕಾರಣಗಳಿಗಷ್ಟೇ ಬಳಕೆಯಾಗುತ್ತದೆಯೇ? ನಮ್ಮ ಡಿಎಲ್, ಆರ್‌ಸಿಗಳ ವಿವರ ಆರ್‌ಟಿಓ ಕಚೇರಿಯಿಂದ ಮುಂದೆ ಎಲ್ಲಿಗೆ ಹೋಗುತ್ತದೆ? ಯಾರ ಅಪ್ಪಣೆಯ ಮೇಲೆ?

ಬೇಡವೆನ್ನಲಾಗದ ಅರ್ಜಿ

ಮೊಬೈಲಿನ ಆ್ಯಪ್ ಒಂದು ಅತಿಯಾಗಿ ಪ್ರಶ್ನೆ ಕೇಳಿದರೆ ಅದನ್ನು ತೆಗೆದುಹಾಕಬಹುದು. ಲೈಸೆನ್ಸ್ ವಿಷಯದಲ್ಲಿ ಆ ದಾರಿ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವಂತಿಲ್ಲ. ಆಟೊ ಓಡಿಸಿ ಮನೆ ನಡೆಸುವವರಿಗೆ, ಮನೆಮನೆಗೆ ಊಟ ತಲುಪಿಸುವ ಹುಡುಗರಿಗೆ, ಬಸ್ಸೇ ಬಾರದ ಊರಿನಿಂದ ಕೆಲಸಕ್ಕೆ ಬರುವವರಿಗೆ ‘ಮಾಹಿತಿ ಕೊಡುವುದಿಲ್ಲ’ ಎನ್ನುವುದೂ ‘ಹೊಟ್ಟೆಪಾಡು ಬೇಡ’ ಎನ್ನುವುದೂ ಒಂದೇ. ಅರ್ಜಿಯ ಕೆಳಗೆ ಸಹಿ ಹಾಕಿದ್ದೇವೆ ನಿಜ. ಆದರೆ ಬೇಡ ಎನ್ನುವ ಅವಕಾಶವೇ ಇಲ್ಲದ ಕಡೆ ಹಾಕಿದ ಸಹಿಯನ್ನು ಪೂರ್ಣ ಒಪ್ಪಿಗೆ ಎಂದು ಕರೆಯಲು ನಾಲಿಗೆ ತಡೆಯುತ್ತದೆ.

ಕಡ್ಡಾಯ ಮಾಡಿ ಪಡೆದದ್ದಕ್ಕೆ ಪಡೆದವರ ಹೊಣೆ ಹೆಚ್ಚು. ಇದು ಕಾನೂನು ಓದದವರಿಗೂ ಗೊತ್ತಿರುವ ನ್ಯಾಯ. ನಮ್ಮ ಕಡೆ ಮದುವೆ ಮನೆಯ ಬಾಗಿಲಲ್ಲಿ ಒಬ್ಬರು ಮುಯ್ಯಿ ಪುಸ್ತಕ ಹಿಡಿದು ಕೂರುತ್ತಾರೆ. ಯಾವ ಊರಿನ ಯಾರು ಎಷ್ಟು ಬರೆಸಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ತಿರುಗಿ ಮುಯ್ಯಿ ಒಪ್ಪಿಸಬೇಕಲ್ಲ, ಅದಕ್ಕೆ ಆ ಲೆಕ್ಕ. ಅದೇ ಪುಸ್ತಕವನ್ನು ಮದುವೆ ಮನೆಯವರು ಬಡ್ಡಿ ವ್ಯಾಪಾರಿಯೊಬ್ಬನಿಗೆ ಮಾರಿದರು ಎಂದಿಟ್ಟುಕೊಳ್ಳಿ. ಯಾರ ಕೈ ಸಡಿಲ, ಯಾರದು ಬಿಗಿ, ಯಾರಿಗೆ ಸಾಲ ಕೊಟ್ಟರೆ ವಾಪಸು ಬಂದೀತು ಎಂಬುದು ಅವನಿಗೆ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ. ಪುಸ್ತಕದಲ್ಲಿ ಗುಟ್ಟಿನ ಮಾತು ಒಂದೂ ಇಲ್ಲ, ಎಲ್ಲವೂ ಜನರೆದುರೇ ಬರೆಸಿದ್ದು. ಆದರೂ ಅದನ್ನು ಮಾರಿದವರ ಮನೆಗೆ ಮತ್ತೆ ಯಾರೂ ನಂಬಿ ಹೋಗುವುದಿಲ್ಲ. ತಪ್ಪು ಗುಟ್ಟು ರಟ್ಟಾದದ್ದರಲ್ಲಿಲ್ಲ, ಒಂದು ಕೆಲಸಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ಬಳಸಿದ್ದರಲ್ಲಿದೆ.

‘ಮುಚ್ಚಿಡುವಂಥದ್ದು ಏನಿದೆ ನಿಮ್ಮ ಹತ್ತಿರ?’ ಎಂಬ ಪ್ರಶ್ನೆಗೂ ಇದೇ ಉತ್ತರ.

ಬೀರುವಿನಿಂದ ಸರ್ವರ್‌ಗೆ

ಹಿಂದೆ ಈ ಮಾಹಿತಿಯೆಲ್ಲ ಆಯಾ ಆರ್‌ಟಿಓ ಕಚೇರಿಯ ಬೀರುವಿನಲ್ಲಿ, ದಪ್ಪ ರಟ್ಟಿನ ರಿಜಿಸ್ಟರುಗಳಲ್ಲಿ ಇರುತ್ತಿತ್ತು. ಅದರ ತೊಂದರೆ ಸಣ್ಣದಲ್ಲ. ಬೆಳಗಾವಿಯಲ್ಲಿ ಲೈಸೆನ್ಸ್ ರದ್ದಾದವನು ಕೊಲ್ಹಾಪುರಕ್ಕೆ ಹೋಗಿ ಹೊಸದು ಮಾಡಿಸಿಕೊಂಡರೆ ಎರಡೂ ಕಚೇರಿಗಳಿಗೆ ಸುಳಿವು ಹತ್ತುತ್ತಿರಲಿಲ್ಲ. ಕದ್ದ ಗಾಡಿ ಗಡಿ ದಾಟಿದರೆ ಹುಡುಕುವುದು ಹರಸಾಹಸ. ಹೀಗಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ವಾಹನಗಳ ನೋಂದಣಿಗೆ ‘ವಾಹನ್’, ಚಾಲಕರ ಲೈಸೆನ್ಸ್‌ಗೆ ‘ಸಾರಥಿ’ ಎಂಬ ವ್ಯವಸ್ಥೆಗಳನ್ನು ಕಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು, 25ಎ ಸೆಕ್ಷನ್‌ನಲ್ಲಿ ಲೈಸೆನ್ಸ್‌ಗಳ ರಾಷ್ಟ್ರೀಯ ರಿಜಿಸ್ಟರ್‌ಗೂ 62ಬಿ ಸೆಕ್ಷನ್‌ನಲ್ಲಿ ವಾಹನಗಳ ರಾಷ್ಟ್ರೀಯ ರಿಜಿಸ್ಟರ್‌ಗೂ ಕಾನೂನಿನ ಆಧಾರ ಒದಗಿಸಲಾಯಿತು.

ಇದರ ಉಪಕಾರವನ್ನು ನಾವೆಲ್ಲ ಉಂಡಿದ್ದೇವೆ. ಈಗ ಡಿಎಲ್ ಮನೆಯಲ್ಲಿ ಮರೆತರೂ ಡಿಜಿಲಾಕರ್ ತೆರೆದು ತೋರಿಸಿದರೆ ಪೊಲೀಸರು ಒಪ್ಪುತ್ತಾರೆ. 2021ರಿಂದ ಆಧಾರ್ ದೃಢೀಕರಣದ ಮೂಲಕ 18 ಸೇವೆಗಳನ್ನು ಆರ್‌ಟಿಓ ಮೆಟ್ಟಿಲು ಹತ್ತದೆ ಪಡೆಯುವ ಅವಕಾಶ ಬಂತು. ಏಜೆಂಟರ ಹಿಂದೆ ಅಲೆಯುವುದು ಅಷ್ಟರಮಟ್ಟಿಗೆ ತಪ್ಪಿದೆ.

ಆದರೆ ಆ ರಟ್ಟಿನ ರಿಜಿಸ್ಟರು ಯಾರಿಗೂ ಹೊಳೆಯದ ಒಂದು ಉಪಕಾರ ಮಾಡುತ್ತಿತ್ತು. ಅದನ್ನು ನಕಲು ಮಾಡುವುದು ಕಷ್ಟವಿತ್ತು. ಒಂದು ಜಿಲ್ಲೆಯ ಪಟ್ಟಿ ಬೇಕೆಂದರೂ ಯಾರೋ ವಾರಗಟ್ಟಲೆ ಕೂತು ಬರೆಯಬೇಕಿತ್ತು. ಆ ಧೂಳು, ಆ ಬೀಗ, ಆ ಗುಮಾಸ್ತರ ಬೇಸರ ಎಲ್ಲವೂ ಸೇರಿ ನಮ್ಮ ಖಾಸಗಿತನಕ್ಕೆ ತಿಳಿಯದೆಯೇ ಕಾವಲು ಕೂತಿದ್ದವು. ಸರ್ವರ್‌ಗೆ ಹೋದ ಮೇಲೆ ಆ ಕಾವಲು ತಾನಾಗಿ ಎದ್ದು ಹೋಯಿತು. ಅದರ ಜಾಗದಲ್ಲಿ ಬೇರೆ ಕಾವಲನ್ನು ನಾವೇ ಬೇಕೆಂದು ಕೂರಿಸಬೇಕಾಗುತ್ತದೆ.

3 ಕೋಟಿ ರೂಪಾಯಿಯ ಕಡತ

ಹಾಗೆ ಕೂರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ 2019ರ ಒಂದು ನೀತಿಯೇ ಪಾಠ.

ಆ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ‘ಬಲ್ಕ್ ಡೇಟಾ ಶೇರಿಂಗ್’ ನೀತಿ ಹೊರಡಿಸಿತು. ಸರಳವಾಗಿ ಹೇಳಿದರೆ ಸಗಟು ಮಾಹಿತಿ ಹಂಚಿಕೆ. ವಾಹನ ನೋಂದಣಿಗೆ ಸಂಬಂಧಿಸಿದ 28 ಬಗೆಯ ವಿವರಗಳು ಅದರ ವ್ಯಾಪ್ತಿಗೆ ಬಂದವು. ವಾಣಿಜ್ಯ ಸಂಸ್ಥೆಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ, ಸಂಶೋಧನೆಗೆಂದು ಕೇಳುವ ಶಿಕ್ಷಣ ಸಂಸ್ಥೆಗಳಿಗೆ 5 ಲಕ್ಷ ರೂಪಾಯಿ ಎಂದು ದರ ನಿಗದಿಯಾಯಿತು. ಸಾರಿಗೆ ಮತ್ತು ವಾಹನೋದ್ಯಮಕ್ಕೆ ಅನುಕೂಲವಾಗಲಿ ಎಂಬುದು ಹೇಳಿದ ಉದ್ದೇಶ. ಅದೇ ಜುಲೈನಲ್ಲಿ ಬಂದ ಆರ್ಥಿಕ ಸಮೀಕ್ಷೆ ಕೂಡ, ಸರ್ಕಾರದ ಬಳಿ ಇರುವ ಆಯ್ದ ದತ್ತಾಂಶವನ್ನು ಖಾಸಗಿಯವರಿಗೆ ವಾಣಿಜ್ಯ ಬಳಕೆಗೆ ಕೊಡಬಹುದು ಎಂಬ ವಿಚಾರವನ್ನು ಒಂದು ಇಡೀ ಅಧ್ಯಾಯದಲ್ಲಿ ಚರ್ಚಿಸಿತು.

ಆ ತಿಂಗಳು ಸಂಸತ್ತಿನಲ್ಲಿ ಸಚಿವ ನಿತಿನ್ ಗಡ್ಕರಿ ಕೊಟ್ಟ ಲೆಕ್ಕ ಹೀಗಿತ್ತು: ವಾಹನ್‌ನಲ್ಲಿ ಸುಮಾರು 25 ಕೋಟಿ ವಾಹನಗಳ ದಾಖಲೆ, ಸಾರಥಿಯಲ್ಲಿ ಸುಮಾರು 15 ಕೋಟಿ ಲೈಸೆನ್ಸ್‌ಗಳ ದಾಖಲೆ, 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ಅವು ತೆರೆದುಕೊಂಡಿದ್ದವು, ಅದರಿಂದ ಬಂದ ಆದಾಯ 65 ಕೋಟಿ ರೂಪಾಯಿ. 2021ರಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದ ಹೊತ್ತಿಗೆ ಈ ಗಳಿಕೆ 100 ಕೋಟಿ ರೂಪಾಯಿ ದಾಟಿತ್ತು.

‘ವಾಹನದ ವಿವರ ತಾನೆ, ಮನುಷ್ಯರದ್ದಲ್ಲವಲ್ಲ’ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಆ ನೀತಿಪತ್ರವೇ ಒಂದು ಅಪಾಯವನ್ನು ಒಪ್ಪಿಕೊಂಡಿತ್ತು. ಬೇರೆ ಬೇರೆ ಕಡೆಯ ದತ್ತಾಂಶಗಳನ್ನು ತಾಳೆ ಹಾಕಿದರೆ ವ್ಯಕ್ತಿ ಯಾರೆಂದು ಪತ್ತೆಯಾಗುವ, ಖಾಸಗಿತನಕ್ಕೆ ಧಕ್ಕೆಯಾಗುವ ಸಾಧ್ಯತೆ ಇದೆ ಎಂದು ಅದರಲ್ಲೇ ಬರೆದಿತ್ತು.

ತಾಳೆ ಹಾಕುವುದು ಎಂದರೇನು? ಎರಡು ಹಾಳೆಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ಗಾಡಿ ನಂಬರ್, ಮಾದರಿ, ಸಾಲ ಕೊಟ್ಟ ಸಂಸ್ಥೆ, ವಿಮೆ ಮುಗಿಯುವ ದಿನ ಇವೆ. ಹೆಸರಿಲ್ಲ. ಎರಡನೆಯದು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿಯವರ ಹತ್ತಿರ ಇರುವ ಪಾರ್ಕಿಂಗ್ ಪಟ್ಟಿ. ಅದರಲ್ಲಿ ಗಾಡಿ ನಂಬರ್, ಹೆಸರು, ಮನೆ ನಂಬರ್, ಮೊಬೈಲ್ ಇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಗಾಡಿ ನಂಬರಿನ ಮೇಲೆ ಬೆರಳಿಟ್ಟರೆ ಸಾಕು. ಮೂರನೇ ಮಹಡಿಯ ಇಂಥವರು ಇಂಥ ಕಡೆ ಸಾಲ ಮಾಡಿ ಕಾರು ಕೊಂಡಿದ್ದಾರೆ, ವಿಮೆ ಕಟ್ಟಲು ಮರೆತಿದ್ದಾರೆ ಎಂಬುದು ಬಿಚ್ಚಿಕೊಳ್ಳುತ್ತದೆ. ಬಿಡಿಬಿಡಿಯಾಗಿ ಎರಡೂ ಹಾಳೆಗಳು ನಿರುಪದ್ರವಿಗಳು. ಕಂಪ್ಯೂಟರಿಗೆ ಇಂಥ ಕೋಟಿ ಸಾಲುಗಳನ್ನು ತಾಳೆ ಹಾಕುವುದು ಕಾಫಿ ಕುಡಿದು ಮುಗಿಸುವಷ್ಟರ ಕೆಲಸ.

ವಿಮೆ ಮುಗಿಯಲು ತಿಂಗಳಿರುವಾಗಲೇ ನನಗೂ ಗೊತ್ತಿಲ್ಲದ ನಂಬರ್‌ಗಳಿಂದ ಕರೆ ಬರುತ್ತದೆ. ಗಾಡಿ ನಂಬರ್, ತಾರೀಖು ಎರಡನ್ನೂ ಸರಿಯಾಗಿ ಹೇಳುತ್ತಾರೆ. ಅವರ ಕೈಗೆ ಅದು ಶೋರೂಂನಿಂದ ಹೋಯಿತೋ, ವಿಮೆ ಮಾಡಿಸಿದವರಿಂದಲೋ, ಇನ್ನೆಲ್ಲಿಂದಲೋ ಹೇಳುವುದು ನನ್ನಿಂದ ಆಗದು. ಮಾಹಿತಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ದಾರಿ ಅದರ ಒಡೆಯನಿಗೇ ಕಾಣಿಸುವುದಿಲ್ಲ.

ಇದಕ್ಕಿಂತ ಕರಾಳವಾದ ಮುಖವೂ ಇದೆ. 2020ರ ಫೆಬ್ರುವರಿಯ ದೆಹಲಿ ಗಲಭೆಯ ಹೊತ್ತಿನಲ್ಲಿ, ಗಾಡಿ ನಂಬರ್ ಹಾಕಿದರೆ ಮಾಲೀಕರ ಹೆಸರು ತೋರಿಸುವ ವ್ಯವಸ್ಥೆಯಿಂದ ಹೆಸರು ಹುಡುಕಿ, ಹೆಸರಿನಿಂದ ಧರ್ಮ ಗುರುತಿಸಿ ವಾಹನಗಳಿಗೆ ಹಾನಿ ಮಾಡಬಹುದು ಎಂಬ ಆತಂಕ ಎದ್ದಿತು. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಇದನ್ನು ಸಚಿವಾಲಯದ ಗಮನಕ್ಕೆ ತಂದಿತು. ಆ ವರ್ಷದ ಜೂನ್‌ನಲ್ಲಿ ಸಚಿವಾಲಯ, ಖಾಸಗಿತನದ ಪ್ರಶ್ನೆಯನ್ನೂ ದುರ್ಬಳಕೆಯ ಸಾಧ್ಯತೆಯನ್ನೂ ಮುಂದಿಟ್ಟು, ಸಗಟು ಹಂಚಿಕೆಯ ನೀತಿಯನ್ನು ಹಿಂತೆಗೆದುಕೊಂಡಿತು. ಈಗ ಎಂಪರಿವಾಹನ್ ಆ್ಯಪ್‌ನಲ್ಲಿ ಬೇರೆಯವರ ಗಾಡಿ ನಂಬರ್ ಹಾಕಿದರೆ ಹೆಸರಿನ ಅಕ್ಷರಗಳ ನಡುವೆ ನಕ್ಷತ್ರಗಳು ಕೂತಿರುತ್ತವೆ.

ತಪ್ಪು ತಿದ್ದಿಕೊಂಡದ್ದನ್ನು ಮೆಚ್ಚಬೇಕು. ಆದರೆ ಕೊಟ್ಟ ಕಡತ ಮನೆಯಿಂದ ಎರವಲು ಹೋದ ಒರಳುಕಲ್ಲಲ್ಲ, ವಾಪಸು ಬಂದದ್ದನ್ನು ಕಣ್ಣಾರೆ ನೋಡಲು. ಪಡೆದವರು ‘ಅಳಿಸಿದ್ದೇವೆ’ ಎಂದರೂ ಹೊರಗೆ ನಿಂತವರು ಅದನ್ನು ಪರೀಕ್ಷಿಸುವುದು ಕಷ್ಟ.

ಅಮೆರಿಕದಲ್ಲಿ ಒಂದು ವಿಳಾಸ

ಅಮೆರಿಕ ಈ ಪಾಠವನ್ನು ಒಂದು ಕೊಲೆಯಿಂದ ಕಲಿಯಿತು. 1989ರಲ್ಲಿ ರೆಬೆಕಾ ಶೇಫರ್ ಎಂಬ 21 ವರ್ಷದ ನಟಿಯನ್ನು ಲಾಸ್ ಏಂಜಲೀಸ್‌ನ ಅವರ ಮನೆ ಬಾಗಿಲಲ್ಲೇ ಒಬ್ಬ ಹುಚ್ಚು ಅಭಿಮಾನಿ ಗುಂಡಿಕ್ಕಿ ಕೊಂದ. ಅವನಿಗೆ ಮನೆ ವಿಳಾಸ ಸಿಕ್ಕಿದ್ದು ಒಬ್ಬ ಖಾಸಗಿ ಪತ್ತೇದಾರನಿಂದ. ಪತ್ತೇದಾರನಿಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆಯಿಂದ. ಕೇಳಿ ಶುಲ್ಕ ಕಟ್ಟಿದರೆ ವಿಳಾಸ ಕೊಡುವುದು ಅಲ್ಲಿ ದಿನನಿತ್ಯದ ವ್ಯವಹಾರವಾಗಿತ್ತು.

1994ರಲ್ಲಿ ಅಲ್ಲಿನ ಕಾಂಗ್ರೆಸ್, ಚಾಲಕರ ಖಾಸಗಿತನ ರಕ್ಷಣೆಗೆಂದೇ ಪ್ರತ್ಯೇಕ ಕಾನೂನು ಮಾಡಿತು. ಮಾಹಿತಿ ಮಾರಿ ಆದಾಯ ಮಾಡುವುದು ನಮ್ಮ ಹಕ್ಕು ಎಂಬಂತೆ ದಕ್ಷಿಣ ಕ್ಯಾರೊಲಿನಾ ರಾಜ್ಯ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಕಾನೂನನ್ನು ಎತ್ತಿಹಿಡಿಯಿತು. ಹಾಗೆಂದು ಅಲ್ಲಿ ಎಲ್ಲ ಬಾಗಿಲೂ ಮುಚ್ಚಿದೆ ಎಂದೇನಲ್ಲ. ವಿಮೆ, ನ್ಯಾಯಾಲಯದ ಕೆಲಸ, ಪರವಾನಗಿ ಪಡೆದ ಪತ್ತೇದಾರರು ಎಂದು ಕಾನೂನಿನಲ್ಲೇ 14 ವಿನಾಯಿತಿಗಳಿವೆ. ಅವುಗಳ ಸಂದಿಯಲ್ಲಿ ವ್ಯಾಪಾರ ನಡೆದೇ ಇದೆ ಎಂಬ ದೂರು ಇಂದಿಗೂ ಇದೆ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಯಾವ ಕೆಲಸಕ್ಕೆ ಕೊಡಬಹುದು ಎಂಬ ಪಟ್ಟಿ ಅಲ್ಲಿ ಶಾಸನಸಭೆಯಲ್ಲಿ ಚರ್ಚೆಯಾಗಿ ಕಾನೂನಾಗಿದೆ. ನಮ್ಮಲ್ಲಿ 2019ರಲ್ಲಿ ಅದು ಇಲಾಖೆಯ ನೀತಿಪತ್ರವೊಂದರಿಂದ ಆಗಿಹೋಯಿತು.

ಪುಟ್ಟಸ್ವಾಮಿಯವರ ಮೂರು ಪ್ರಶ್ನೆ

ಅಳೆಯುವ ಕೋಲು ನಮ್ಮಲ್ಲೂ ಇದೆ, ಅದರ ಮೇಲೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ 86ನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾನೂನಿನ ಪುಸ್ತಕಗಳಲ್ಲಿ ಖಾಸಗಿತನ ಎಂದರೆ ಈಗ ಅವರದೇ ಹೆಸರು.

ಸರ್ಕಾರ ಈ ಹಕ್ಕಿನ ಒಳಗೆ ಕೈ ಹಾಕಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂದು ಆ ತೀರ್ಪಿನಿಂದ ತಿಳಿಯುತ್ತದೆ. ಹಾಗೆ ಮಾಡಲು ಕಾನೂನು ಇದೆಯೇ? ಉದ್ದೇಶ ನ್ಯಾಯವಾದದ್ದೇ? ಮಾಡುತ್ತಿರುವುದು ಉದ್ದೇಶದ ಅಳತೆಗೆ ತಕ್ಕಷ್ಟಿದೆಯೇ, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತಾಗಿಲ್ಲ ತಾನೆ?

ಈ ಕೋಲಿನಿಂದ ಅಳೆದು ನೋಡಿ. ಗುದ್ದಿ ಓಡಿಹೋದ ಲಾರಿಯ ನಂಬರಿನಿಂದ ಪೊಲೀಸರು ಮಾಲೀಕನನ್ನು ಹುಡುಕಿದರೆ ಮೂರಕ್ಕೂ ಉತ್ತರ ಇದೆ. ಕಾನೂನು ಇದೆ, ಉದ್ದೇಶ ಸ್ಪಷ್ಟ, ನೋಡಿದ್ದು ಒಂದೇ ಗಾಡಿಯ ದಾಖಲೆ. 3 ಕೋಟಿ ರೂಪಾಯಿಗೆ ಕೊಟ್ಟ ಕಡತಕ್ಕೆ? ಅಂಥ ಮಾರಾಟಕ್ಕೆಂದು ಸಂಸತ್ತು ಮಾಡಿದ ಕಾನೂನು ಇರಲಿಲ್ಲ. ಉದ್ದೇಶ ಉದ್ಯಮದ ಅನುಕೂಲ. ಅಳತೆಯ ಮಾತು ಕೇಳುವುದೇ ಬೇಡ, ಕೋಟಿಗಟ್ಟಲೆ ಜನರ ಗಾಡಿಗಳು ಅದರಲ್ಲಿದ್ದವು.

ಉದ್ಯಮಕ್ಕೂ ಸಂಶೋಧಕರಿಗೂ ಮಾಹಿತಿಯೇ ಬೇಡವೇ? ಬೇಕು. ಬೆಂಗಳೂರಿನ ಹೊಗೆ ಲೆಕ್ಕ ಹಾಕುವವರಿಗೆ ಹದಿನೈದು ವರ್ಷ ದಾಟಿದ ಡೀಸೆಲ್ ಗಾಡಿಗಳು ಎಷ್ಟಿವೆ ಎಂಬುದು ಗೊತ್ತಾಗಬೇಕು. ಅವರಿಗೆ ಬೇಕಾದದ್ದು ಒಟ್ಟು ಎಣಿಕೆ, ನಿಮ್ಮ ಗಾಡಿಯ ನಂಬರ್ ಅಲ್ಲ. ವಾಹನ್ ವ್ಯವಸ್ಥೆಯದೇ ಡ್ಯಾಶ್‌ಬೋರ್ಡ್‌ನಲ್ಲಿ ಯಾವ ರಾಜ್ಯದಲ್ಲಿ ಯಾವ ಇಂಧನದ ಎಷ್ಟು ವಾಹನಗಳು ನೋಂದಣಿಯಾದವು ಎಂಬುದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಅದರಿಂದ ಯಾರ ಮನೆ ಬಾಗಿಲೂ ಯಾರಿಗೂ ತಿಳಿಯುವುದಿಲ್ಲ. ಹಾಗೆಯೇ ಚಾಲಕನನ್ನು ಕೆಲಸಕ್ಕೆ ಇಟ್ಟುಕೊಳ್ಳುವವರಿಗೆ ಬೇಕಾದದ್ದು ‘ಈ ಲೈಸೆನ್ಸ್ ಚಾಲ್ತಿಯಲ್ಲಿದೆಯೇ’ ಎಂಬ ಒಂದು ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ. ಅವನ ರಕ್ತದ ಗುಂಪು ಅವರಿಗೆ ಏಕೆ?

ಹೊಸ ಕಾನೂನು, ಹಳೆಯ ಸಂದಿ

2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು; ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಮಾಹಿತಿಯನ್ನು ಭದ್ರವಾಗಿ ಇಟ್ಟುಕೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ, ತಪ್ಪು ತಿದ್ದಿಸುವ ಹಕ್ಕು, ದೂರು ಕೇಳಲು ಒಂದು ಮಂಡಳಿ ಇವೆಲ್ಲ ಅದರಲ್ಲಿವೆ. ಏನೂ ಇಲ್ಲದ ಕಡೆ ಇಷ್ಟಾದರೂ ಬಂತಲ್ಲ ಎನ್ನಬೇಕು.

ಆದರೆ ಸರ್ಕಾರದ ವಿಷಯಕ್ಕೆ ಬಂದಾಗ ಕಾಯ್ದೆಯ ಹಿಡಿತ ಸಡಿಲ. ಸಬ್ಸಿಡಿ, ಸೌಲಭ್ಯ, ಸೇವೆ, ಪ್ರಮಾಣಪತ್ರ, ಲೈಸೆನ್ಸ್, ಪರ್ಮಿಟ್ ಕೊಡುವ ಸಲುವಾಗಿ ಸರ್ಕಾರ ಹೊಸದಾಗಿ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಬಹುದು ಎನ್ನುತ್ತದೆ 7ನೇ ಸೆಕ್ಷನ್. ಒಂದು ಸೌಲಭ್ಯಕ್ಕೆ ಹಿಂದೆ ಕೊಟ್ಟಿದ್ದನ್ನು ಇನ್ನೊಂದಕ್ಕೆ ಬಳಸಲೂ ಅಲ್ಲಿ ದಾರಿ ಇದೆ. ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎಂಬ ಕಟ್ಟುಪಾಡು ಕಂಪನಿಗಳಿಗಿದೆ, 17ನೇ ಸೆಕ್ಷನ್‌ನ ಪ್ರಕಾರ ಸರ್ಕಾರಕ್ಕಿಲ್ಲ. ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಕೆಲವು ಸರ್ಕಾರಿ ಸಂಸ್ಥೆಗಳನ್ನು ಪೂರ್ತಿಯಾಗಿ ಕಾಯ್ದೆಯ ಹೊರಗಿಡುವ ಅಧಿಕಾರವೂ ಕೇಂದ್ರಕ್ಕಿದೆ. ಅಂದರೆ ಅಂಗಡಿಯವನ ಮೇಲೆ ನಮಗಿರುವ ಹಿಡಿತ ಆರ್‌ಟಿಓ ಮೇಲಿಲ್ಲ. ಅಂಗಡಿಯನ್ನಾದರೆ ಬದಲಾಯಿಸಬಹುದು, ಆರ್‌ಟಿಓ ಇರುವುದು ಒಂದೇ.

ಆಗಬೇಕಾದ್ದು ದೊಡ್ಡ ಪವಾಡವೇನಲ್ಲ. ಲೈಸೆನ್ಸ್ ಮತ್ತು ನೋಂದಣಿ ಮಾಹಿತಿಯನ್ನು ಯಾವ ಯಾವ ಕೆಲಸಕ್ಕೆ ಹೊರಗೆ ಕೊಡಬಹುದು ಎಂಬ ಪಟ್ಟಿ ಕಾನೂನಿನಲ್ಲೇ ಇರಲಿ. ನಮ್ಮ ದಾಖಲೆಯನ್ನು ಯಾರು ಯಾವಾಗ ತೆರೆದು ನೋಡಿದರು ಎಂಬುದು, ಬ್ಯಾಂಕ್ ಪಾಸ್‌ಬುಕ್ಕಿನ ನಮೂದಿನಂತೆ, ನಮಗೆ ಕಾಣಿಸುವಂತಾಗಲಿ. ತನಿಖೆಯ ಕಾರಣಕ್ಕೆ ಕೆಲವನ್ನು ತಡವಾಗಿ ತೋರಿಸಿದರೂ ಚಿಂತೆಯಿಲ್ಲ. ಹೌದು-ಇಲ್ಲ ಎಂದರೆ ಸಾಕಾಗುವ ಕಡೆ ಇಡೀ ಕಾರ್ಡಿನ ಪ್ರತಿ ಕೇಳುವುದು ನಿಲ್ಲಲಿ. ಮಾಹಿತಿಯಿಂದ ಬರುವ ಹಣ ಬಜೆಟ್ಟಿನ ಆದಾಯದ ಸಾಲಾಗದಿರಲಿ. ಒಮ್ಮೆ ಆದಾಯದ ರುಚಿ ಹತ್ತಿದರೆ ಕಾವಲುಗಾರನೇ ವ್ಯಾಪಾರಿಯಾಗುತ್ತಾನೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಸಣ್ಣ ಎಚ್ಚರ. ನನ್ನ ತಂದೆಗೆ ಒಂದು ಅಭ್ಯಾಸವಿತ್ತು. ಯಾವ ದಾಖಲೆಯ ಜೆರಾಕ್ಸ್ ಕೊಡುವಾಗಲೂ ಅಡ್ಡಲಾಗಿ ಎರಡು ಗೆರೆ ಎಳೆದು, ನಡುವೆ ‘ಗ್ಯಾಸ್ ಸಂಪರ್ಕಕ್ಕೆ ಮಾತ್ರ’ ಎಂದೋ ‘ಬಾಡಿಗೆ ಕರಾರಿಗೆ ಮಾತ್ರ’ ಎಂದೋ ಬರೆದು, ತಾರೀಖು ಹಾಕಿ ಸಹಿ ಮಾಡುತ್ತಿದ್ದರು. ಹಿಂದೆ ಕ್ಯೂನಲ್ಲಿ ನಿಂತವರು ಗೊಣಗಿದರೂ ಅವಸರ ಮಾಡುತ್ತಿರಲಿಲ್ಲ. ನಮಗೆ ಆಗ ನಾಚಿಕೆಯಾಗುತ್ತಿತ್ತು.

ಎಲ್‌ಎಲ್‌ಆರ್ ಕೆಲಸ ಮುಗಿಸಿ ಏಳುವಾಗ, ನಮ್ಮ ಕಡತಗಳನ್ನು ಕಂಪ್ಯೂಟರಿನಿಂದ ಅಳಿಸುವಂತೆ ಹುಡುಗನಿಗೆ ಹೇಳಿದೆ. “ಇರ್ಲಿ ಬಿಡಿ ಸರ್, ಡಿಎಲ್‌ಗೆ ಬಂದಾಗ ಮತ್ತೆ ಬೇಕಾಗುತ್ತಲ್ಲ” ಎಂದ ಅವನು. ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ, ನಮಗೇ ಅನುಕೂಲವಾಗಲೆಂದು ಹೇಳಿದ್ದು. ಮಗಳು ಕುರ್ಚಿಯ ಪಕ್ಕದಿಂದ ಏಳಲಿಲ್ಲ. “ಇದು ಎಲ್‌ಎಲ್‌ಆರ್‌ಗೆ ಕೊಟ್ಟಿದ್ದು ಅಣ್ಣ. ಡಿಎಲ್‌ಗೆ ಆವಾಗ ಕೊಡ್ತೀನಿ” ಎಂದಳು. ಅವನು ನಕ್ಕು, ಒಂದೊಂದಾಗಿ ಆರಿಸಿ ಅಳಿಸಿದ. ಆಮೇಲೆ ನಮ್ಮ ಮುಂಚೆ ಬಂದುಹೋದವರ ಆಧಾರ್ ಪ್ರತಿಗಳ ಮೇಲೆ ಅವನ ಕಣ್ಣು ಬಿತ್ತು. ಒಂದು ಕ್ಷಣ ತಡೆದು ಅವನ್ನೂ ಅಳಿಸಿದ.